ನಗರಸಭೆಯ ತೀರ್ಮಾನ ನಿವಾಸಿಗಳಿಗೆ ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಊರಿನ ನಗರಸಭೆ ಏನು ತೀರ್ಮಾನಿಸಿದೆ ಎಂಬುದು ಜೆಸಿಬಿ ಬಂದು ಬೀದಿ ಅಗೆಯುವಾಗ ಅಥವಾ ಆಸ್ತಿ ತೆರಿಗೆಯ ಮೊತ್ತ ಏರಿದಾಗ ಮಾತ್ರ ನಮಗೆ ಗೊತ್ತಾಗುತ್ತದೆ. ಸಭೆಯಲ್ಲಿ ನಡೆದದ್ದನ್ನು ತಿಳಿಯುವ ಹಕ್ಕು ಸಾಮಾನ್ಯ ನಿವಾಸಿಗೆ ಇದೆಯೆ? ಇದ್ದರೆ ಯಾರನ್ನು, ಏನೆಂದು ಕೇಳಬೇಕು?

ಉತ್ತರ: ಹಕ್ಕು ಖಂಡಿತ ಇದೆ. ಅದಕ್ಕಿಂತ ಮುಖ್ಯವಾಗಿ, ಯಾರೂ ಕೇಳದಿದ್ದರೂ ತಾನಾಗಿಯೇ ತಿಳಿಸಬೇಕಾದ ಹೊಣೆ ನಗರಸಭೆಯದು. ಮಾಹಿತಿ ಹಕ್ಕು ಅಧಿನಿಯಮ, 2005ರ ನಾಲ್ಕನೆಯ ಕಲಮು ಹೇಳುವುದು ಇದನ್ನೇ. ಅರ್ಜಿ ಹಾಕಿ ಮಾಹಿತಿ ಪಡೆಯುವ ಆರನೆಯ ಕಲಮಿನ ಬಗ್ಗೆ ನಮ್ಮಲ್ಲಿ ಬಹಳ ಮಾತು ನಡೆದಿದೆ; ಅರ್ಜಿಯ ಅಗತ್ಯವೇ ಬೀಳದಂತೆ ಮಾಡಬೇಕಾದ ನಾಲ್ಕನೆಯ ಕಲಮು ಮಾತ್ರ ಹಿಂದೆಯೇ ಉಳಿದುಬಿಟ್ಟಿದೆ.

ಆ ಕಲಮಿನ 4(1)(ಬಿ) ಭಾಗದ ಎಂಟನೆಯ ಅಂಶವನ್ನು ಪ್ರತಿಯೊಬ್ಬ ನಿವಾಸಿಯೂ ಒಮ್ಮೆ ಓದಬೇಕು. ತನ್ನಲ್ಲಿರುವ ಮಂಡಳಿ, ಪರಿಷತ್ತು, ಸಮಿತಿಗಳು ಯಾವುವು, ಅವುಗಳ ಸಭೆಗಳಿಗೆ ಸಾರ್ವಜನಿಕರು ಬರಬಹುದೇ, ಸಭೆಯ ನಡವಳಿಗಳು ಸಾರ್ವಜನಿಕರಿಗೆ ಸಿಗುತ್ತವೆಯೇ ಎಂಬುದನ್ನು ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ಪ್ರಕಟಿಸಬೇಕೆಂದು ಅದು ಹೇಳುತ್ತದೆ. ಜನರಿಗೆ ತಟ್ಟುವ ಮುಖ್ಯ ತೀರ್ಮಾನಗಳನ್ನು ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನೂ ಬಹಿರಂಗಪಡಿಸಬೇಕು, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ತಿಳಿಸಬೇಕು ಎಂಬ ಮಾತುಗಳೂ ಅದೇ ಕಲಮಿನಲ್ಲಿವೆ. ಹೀಗೆ ತಿಳಿಸುವಾಗ ಸ್ಥಳೀಯ ಭಾಷೆಯನ್ನೂ ಆ ಊರಿನಲ್ಲಿ ಜನರನ್ನು ಚೆನ್ನಾಗಿ ಮುಟ್ಟುವ ವಿಧಾನವನ್ನೂ ಗಮನದಲ್ಲಿಡಬೇಕೆಂದು ಕಾನೂನೇ ಹೇಳಿರುವುದರಿಂದ, ಯಾವುದೋ ಜಾಲತಾಣದ ಮೂಲೆಯಲ್ಲಿ ಓದಲಾಗದ ಸ್ಕ್ಯಾನ್ ಪ್ರತಿಯೊಂದನ್ನು ಏರಿಸಿಟ್ಟರೆ ಹೊಣೆ ತೀರಿತೆಂದು ನಾನು ಒಪ್ಪಲಾರೆ. ನಗರಸಭೆಯ ಬಾಗಿಲಲ್ಲಿ, ವಾರ್ಡಿನ ಗ್ರಂಥಾಲಯದಲ್ಲಿ, ನೀರಿನ ಬಿಲ್ಲು ಕಟ್ಟುವ ಕೌಂಟರಿನ ಎದುರಿನ ಫಲಕದಲ್ಲಿ ಕನ್ನಡದಲ್ಲಿ ಹಾಕಿದ ಒಂದು ಹಾಳೆ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಏನನ್ನು ಕೇಳಬೇಕೆಂಬ ಪ್ರಶ್ನೆ. ಇದಕ್ಕೆ ಒಂದು ವಿಷಯ ತೀರ್ಮಾನವಾಗುವ ದಾರಿಯನ್ನು ತಿಳಿದಿರಬೇಕು. ವಾರ್ಡ್ ಸದಸ್ಯರ ಬೇಡಿಕೆಯಾಗಲಿ, ಎಂಜಿನಿಯರಿಂಗ್ ಶಾಖೆಯ ಅಂದಾಜುಪಟ್ಟಿಯಾಗಲಿ, ಮೊದಲು ಕಚೇರಿಯ ಟಿಪ್ಪಣಿಯಾಗಿ ಪೌರಾಯುಕ್ತರ ಬಳಿಗೆ ಹೋಗುತ್ತದೆ. ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಆ ಸ್ಥಾನದಲ್ಲಿರುವವರು ಮುಖ್ಯಾಧಿಕಾರಿ. ಅಲ್ಲಿಂದ ಅದು ಸಾಮಾನ್ಯ ಸಭೆಯ ವಿಷಯ ಪಟ್ಟಿಗೆ ಸೇರುತ್ತದೆ, ಎಷ್ಟೋ ಸಲ ಸ್ಥಾಯಿ ಸಮಿತಿಯ ಮೂಲಕ. ಸಭೆಯ ತಿಳಿವಳಿಕೆ ಪತ್ರದೊಂದಿಗೆ ಈ ಪಟ್ಟಿ ಸದಸ್ಯರ ಕೈ ಸೇರುತ್ತದೆ. ಸಭೆಯಲ್ಲಿ ಆದ ನಿರ್ಣಯಗಳು ನಡವಳಿ ಪುಸ್ತಕದಲ್ಲಿ ದಾಖಲಾಗಿ, ಮುಂದಿನ ಸಭೆಯಲ್ಲಿ ದೃಢೀಕರಣಗೊಳ್ಳುತ್ತವೆ. ಆಮೇಲೂ ಎಲ್ಲ ಮುಗಿಯುವುದಿಲ್ಲ: ಕೆಲವು ವಿಷಯಗಳಿಗೆ ಸರ್ಕಾರದ ಅನುಮೋದನೆ ಬೇಕು, ನಗರಸಭೆಯ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ, ಕಾಮಗಾರಿಯಾದರೆ ಟೆಂಡರ್ ಮತ್ತು ಕಾರ್ಯಾದೇಶ ಆಗಬೇಕು.

ಈ ಸರಣಿಯಲ್ಲಿ ನಿವಾಸಿಗೆ ನಿಜವಾಗಿ ಉಪಯೋಗವಾಗುವ ಕಾಗದ ವಿಷಯ ಪಟ್ಟಿ. ನಡವಳಿ ಹೇಳುವುದು ಆಗಿಹೋದದ್ದನ್ನು. ಸಂತೆ ಮೈದಾನವನ್ನು ಬೇರೆಡೆಗೆ ಸಾಗಿಸುವ ವಿಷಯವು ಸಭೆಗೆ ಬರುತ್ತಿದೆಯೆಂದು ಮೊದಲೇ ತಿಳಿದರೆ ವ್ಯಾಪಾರಿಗಳು ತಮ್ಮ ಸದಸ್ಯರನ್ನು ಕಂಡು ಮಾತಾಡಬಹುದು, ಲಿಖಿತ ಮನವಿ ಕೊಡಬಹುದು, ಸಭೆಯ ದಿನ ಹೋಗಿ ಕೇಳಿಸಿಕೊಳ್ಳಲು ಅವಕಾಶ ಕೋರಬಹುದು; ನಿರ್ಣಯವಾದ ಮೇಲೆ ತಿಳಿದರೆ ಅದನ್ನು ಬದಲಿಸಲು ಮೇಲಿನ ಕಚೇರಿಗಳಿಗೋ ನ್ಯಾಯಾಲಯಕ್ಕೋ ಅಲೆಯಬೇಕು. ಆದ್ದರಿಂದ ಊರಿನ ನಿವಾಸಿ ಸಂಘಗಳು ಒಟ್ಟಾಗಿ ಒಂದೇ ಒಂದು ಬೇಡಿಕೆ ಇಡುವುದಾದರೆ, ಸದಸ್ಯರಿಗೆ ವಿಷಯ ಪಟ್ಟಿ ಹೋದ ದಿನವೇ ಅದರ ಪ್ರತಿಯನ್ನು ಸೂಚನಾ ಫಲಕಕ್ಕೂ ಹಾಕಿ ಎಂದು ಕೇಳಲಿ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನವೂ ಬೇಡ.

ತಾನಾಗಿ ಪ್ರಕಟಿಸದ ಕಡೆ ಅರ್ಜಿಯ ದಾರಿ ಇದ್ದೇ ಇದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಪ್ರತಿಗೆ ಪುಟವೊಂದಕ್ಕೆ 2 ರೂಪಾಯಿ. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳ ಒಳಗಿರಬೇಕು. ಬಹಳ ಅರ್ಜಿಗಳು ಸೋಲುವುದು ಬರೆಯುವ ರೀತಿಯಲ್ಲಿ. “ನಮ್ಮ ರಸ್ತೆಗೆ ಏಕೆ ಡಾಂಬರು ಹಾಕಿಲ್ಲ?” ಎಂದು ಕೇಳಿದರೆ, ವಿವರಣೆ ಕೊಡಲು ಅವಕಾಶವಿಲ್ಲವೆಂಬ ಹಿಂಬರಹ ಬರುವುದು ಖಚಿತ, ಏಕೆಂದರೆ ಈ ಕಾನೂನಿನಡಿ ಸಿಗುವುದು ಕಚೇರಿಯಲ್ಲಿರುವ ದಾಖಲೆ. “ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ನಡೆದ ಸಾಮಾನ್ಯ ಸಭೆಗಳ ವಿಷಯ ಪಟ್ಟಿ ಮತ್ತು ದೃಢೀಕೃತ ನಡವಳಿಗಳ ಪ್ರತಿ ಕೊಡಿ” ಎಂದು ಬರೆದರೆ ತಪ್ಪಿಸಿಕೊಳ್ಳಲು ಜಾಗ ಉಳಿಯುವುದಿಲ್ಲ. ಪುಟಗಳು ನೂರಾರು ಆಗುವಂತಿದ್ದರೆ ಪ್ರತಿಯ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ, ಕಚೇರಿಯಲ್ಲೇ ಕುಳಿತು ಟಿಪ್ಪಣಿ ಮಾಡಿಕೊಳ್ಳಬಹುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಪ್ರಾಧಿಕಾರಿಗೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ನೀವು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ ಇನ್ನೊಂದು ವೇದಿಕೆ ಇದೆ. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಾಡಳಿತಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿ ಹೇಳಿತು. ಅದು ಜಾರಿಗೆ ಬಂದದ್ದು 1993ರಲ್ಲಿ; ಕರ್ನಾಟಕದಲ್ಲಿ ಈ ಸಮಿತಿಗಳ ಹೊಸ ನಿಯಮಗಳು ಬಂದದ್ದು 2016ರಲ್ಲಿ. ಮಂಗಳೂರಿನಲ್ಲಿ ಇವು ರಚನೆಯಾದದ್ದು ನಾಗರಿಕರು ಪಟ್ಟು ಬಿಡದೆ ಕೇಳಿದ್ದರಿಂದ, ಹೈಕೋರ್ಟಿನವರೆಗೂ ಹೋದದ್ದರಿಂದ. ವಾರ್ಡ್ ಸಮಿತಿಯ ಸಭೆಯಲ್ಲಿ ಚರಂಡಿ, ಕಸ, ಬೀದಿ ದೀಪದ ಮಾತು ಆ ಬೀದಿಯವರ ಎದುರಿಗೇ ನಡೆಯುತ್ತದೆ. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯೇ, ಕಳೆದ ಸಭೆ ಯಾವಾಗ ನಡೆಯಿತು ಎಂದು ವಿಚಾರಿಸಿ. ಅದರ ನಡವಳಿಯೂ ನೀವು ಕೇಳಬಹುದಾದ ದಾಖಲೆಯೇ.

ಚುನಾಯಿತ ಸಭೆಯೇ ಇಲ್ಲದ ಕಾಲದಲ್ಲಿ ಏನು ಮಾಡಬೇಕೆಂದೂ ಹಲವರು ಕೇಳುತ್ತಾರೆ. ಇದು ನಮ್ಮ ರಾಜ್ಯದಲ್ಲಿ ಅಪರೂಪವೇನಲ್ಲ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, 2025ರಲ್ಲಿ ಅದು ಐದು ಪಾಲಿಕೆಗಳಾಗುವವರೆಗೂ ಚುನಾವಣೆ ನಡೆಯಲಿಲ್ಲ. ಮೈಸೂರು ಪಾಲಿಕೆಯ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಇಂಥ ಅವಧಿಯಲ್ಲಿ ಸಭೆಯ ಅಧಿಕಾರವನ್ನು ಆಡಳಿತಾಧಿಕಾರಿ ಚಲಾಯಿಸುತ್ತಾರೆ, ಚರ್ಚೆಯಿಲ್ಲದೆ ಕಡತದ ಮೇಲೆಯೇ ತೀರ್ಮಾನಗಳಾಗುತ್ತವೆ, ಪತ್ರಕರ್ತರಿಗೂ ಕೂತು ಕೇಳಲು ಸಭೆಯಿರುವುದಿಲ್ಲ. ಹಾಗಾಗಿ ತಿಳಿಸುವ ಹೊಣೆಯ ತೂಕ ಆಗ ಹೆಚ್ಚೇ ಆಗಬೇಕು, ನಾಲ್ಕನೆಯ ಕಲಮಿನಿಂದ ಆಡಳಿತಾಧಿಕಾರಿಗೆ ಯಾವ ವಿನಾಯಿತಿಯೂ ಇಲ್ಲ. ಅರ್ಜಿಯಲ್ಲಿ “ಸಾಮಾನ್ಯ ಸಭೆಯ ನಡವಳಿ” ಎನ್ನುವ ಜಾಗದಲ್ಲಿ “ಆಡಳಿತಾಧಿಕಾರಿಗಳು ಅನುಮೋದಿಸಿದ ವಿಷಯಗಳ ಪಟ್ಟಿ, ಆದೇಶಗಳು ಮತ್ತು ಅವುಗಳ ಕಚೇರಿ ಟಿಪ್ಪಣಿ” ಎಂದು ಬರೆಯಿರಿ. ಮಿಕ್ಕ ಕ್ರಮವೆಲ್ಲ ಒಂದೇ.