500 ಅಂದಿದ್ದರು, 390 ತೋರಿಸುತ್ತಿದೆ: ಹೊಸ ಎಲೆಕ್ಟ್ರಿಕ್ ಗಾಡಿಯಲ್ಲಿ ದೋಷ ಇದೆಯಾ?

ಪ್ರಶ್ನೆ: ಎಲೆಕ್ಟ್ರಿಕ್ ಎಸ್‌ಯುವಿ ತಗೊಂಡು ಒಂದು ತಿಂಗಳಾಯಿತು. ಬ್ಯಾಟರಿ 60 ಯೂನಿಟ್‌ನದು. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 500 ಕಿ.ಮೀ. ಓಡುತ್ತದೆ ಅಂತ ಕಂಪನಿ ಹೇಳಿತ್ತು. ನಮ್ಮದು 100% ಆದಾಗಲೂ 390 ಮಾತ್ರ ತೋರಿಸುತ್ತದೆ. ಹೆದ್ದಾರಿಗೆ ಇಳಿದರೆ ಅದೂ ಸರಸರ ಕಡಿಮೆಯಾಗುತ್ತದೆ. ಬ್ಯಾಟರಿ ಕೆಟ್ಟಿರಬಹುದಾ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಬ್ಯಾಟರಿ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಖಚಿತ ಮಾಡಿಕೊಳ್ಳುವ ದಾರಿಯನ್ನು ಮುಂದೆ ಹೇಳುತ್ತೇನೆ. ನಿಮ್ಮ ಆತಂಕ ನನಗೆ ಚೆನ್ನಾಗಿ ಗೊತ್ತು. ಇಂಥದ್ದೇ ಗಾಡಿ ನಮ್ಮ ಮನೆಗೆ ಬಂದು ಎರಡು ತಿಂಗಳಾಯಿತು. ಮೊದಲ ಹದಿನೈದು ದಿನ ನಾನೂ ರಸ್ತೆಗಿಂತ ಆ ಸಂಖ್ಯೆಯನ್ನೇ ಜಾಸ್ತಿ ನೋಡುತ್ತಿದ್ದೆ.

ಮೊದಲು 500 ಎಲ್ಲಿಂದ ಬಂತು ನೋಡೋಣ. ಅದು ಪ್ರಯೋಗಾಲಯದ ಸಂಖ್ಯೆ. ಗಾಡಿಯ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಮೊದಲೇ ಗೊತ್ತು ಮಾಡಿದ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಯುರೋಪಿನಲ್ಲಿ 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯನ್ನೇ ತಗೊಳ್ಳಿ. ಒಂದು ಸುತ್ತು 30 ನಿಮಿಷ, ಸುಮಾರು 23 ಕಿ.ಮೀ. ಸರಾಸರಿ ವೇಗ ಗಂಟೆಗೆ 46 ಕಿ.ಮೀ. ಚಿಲ್ಲರೆ. ಕೋಣೆಯ ಬಿಸಿ 23 ಡಿಗ್ರಿ, ಎಸಿ ಬಂದ್. ಅದಕ್ಕಿಂತ ಹಳೆಯ ಎನ್‌ಇಡಿಸಿ ಪರೀಕ್ಷೆಯಲ್ಲಿ ಸರಾಸರಿ ವೇಗ 34ರ ಆಸುಪಾಸು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮಾತ್ರ ಪ್ರಯೋಗಾಲಯದಲ್ಲಿ ಬಂದ ರೇಂಜನ್ನು, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರವನ್ನು, ಸಾಮಾನ್ಯವಾಗಿ 0.7ರಿಂದ ಗುಣಿಸಿ, ಇಳಿಸಿ ಹೇಳುತ್ತದೆ. ಒಂದೇ ಗಾಡಿಗೆ ಮೂರು ಪರೀಕ್ಷೆಯಲ್ಲಿ ಮೂರು ರೇಂಜ್ ಬರುವುದು ಇದಕ್ಕೇ. ಎರಡು ಗಾಡಿಗಳನ್ನು ಹೋಲಿಸಲು ಈ ಸಂಖ್ಯೆ ಒಳ್ಳೆಯದು. ನಾಳೆ ಊರಿಗೆ ಹೋಗುವ ಲೆಕ್ಕಕ್ಕೆ ಅಲ್ಲ.

ಈಗ ನಿಮ್ಮ ಪರದೆಯ 390. ಅದು ಮುಂದೆ ಆಗುವುದನ್ನು ನೋಡಿ ಹೇಳಿದ ಮಾತಲ್ಲ. ಕಳೆದ ಕೆಲವು ದಿನ ನೀವು ಹೇಗೆ ಓಡಿಸಿದಿರೋ ಅದನ್ನು ನೆನಪಿಟ್ಟುಕೊಂಡು, ಮುಂದೆಯೂ ಹಾಗೇ ಓಡಿಸಿದರೆ ಇಷ್ಟು ದೂರ ಹೋಗಬಹುದು ಅನ್ನುವ ಅಂದಾಜು. ಹೊಸ ಗಾಡಿ ಅಂದ ಮೇಲೆ ಮೊದಲ ತಿಂಗಳು ಹೇಗಿರುತ್ತದೆ ಹೇಳಿ. ಬಂದವರಿಗೆಲ್ಲ ಪಿಕಪ್ ತೋರಿಸುತ್ತೇವೆ. ನಿಂತ ಗಾಡಿಯಲ್ಲಿ ಎಸಿ ಹಾಕಿಕೊಂಡು ಪರದೆಯ ಒಂದೊಂದೇ ಗುಂಡಿ ಒತ್ತಿ ನೋಡುತ್ತೇವೆ. ಎರಡು ಕಿ.ಮೀ. ಹೋಗಿ ವಾಪಸ್ ಬರುತ್ತೇವೆ. ಗಾಡಿ ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತದೆ.

ಆದ್ದರಿಂದ ಆ ಸಂಖ್ಯೆಯನ್ನು ಸ್ವಲ್ಪ ದಿನ ಮರೆತುಬಿಡಿ. ಅದರ ಬದಲು 100 ಕಿ.ಮೀ.ಗೆ ಎಷ್ಟು ಯೂನಿಟ್ ಖರ್ಚಾಗುತ್ತಿದೆ ಅಂತ ನೋಡಿ. ಪರದೆಯಲ್ಲಿ ಕಿಲೋವ್ಯಾಟ್ ಅವರ್ ಅಂತ ಇರುತ್ತದೆ. ನಾವು ಕರೆಂಟ್ ಬಿಲ್‌ನಲ್ಲಿ ನೋಡುವ ಯೂನಿಟ್ ಅದೇ. ನಿಮ್ಮ ಲೆಕ್ಕ ಮಾಡೋಣ. 60 ಯೂನಿಟ್‌ಗೆ 390 ಕಿ.ಮೀ. ಅಂದರೆ 100 ಕಿ.ಮೀ.ಗೆ 15.4 ಯೂನಿಟ್. ಎರಡು ಟನ್ ಹತ್ತಿರ ತೂಗುವ, ಎತ್ತರದ ಗಾಡಿಗೆ ಇದು ಒಳ್ಳೆಯ ಲೆಕ್ಕವೇ. 500 ಬರಬೇಕಾದರೆ 12 ಯೂನಿಟ್‌ನಲ್ಲಿ ಮುಗಿಯಬೇಕು. ನಿಧಾನವಾಗಿ, ಸಮತಟ್ಟು ರಸ್ತೆಯಲ್ಲಿ, ಎಸಿ ಇಲ್ಲದೆ ಓಡಿಸಿದರೆ ಅದೂ ಸಾಧ್ಯ. ಆದರೆ ಯಾರು ದಿನವೂ ಹಾಗೆ ಓಡಿಸುತ್ತಾರೆ?

ಹೆದ್ದಾರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮೊದಲ ದೂರದ ಪ್ರಯಾಣ 260 ಕಿ.ಮೀ. ಹೊರಟಾಗ ಪರದೆ 380 ತೋರಿಸುತ್ತಿತ್ತು. ಇನ್ನೇನು ಯೋಚನೆ ಅಂತ 110ರಲ್ಲಿ ಬಿಟ್ಟೆ. 70 ಕಿ.ಮೀ. ದಾಟಿದಾಗ ಸಂಖ್ಯೆ 260ಕ್ಕೆ ಇಳಿದಿತ್ತು. ಓಡಿದ್ದು 70, ಹೋಗಿದ್ದು 120. ಹಿಂದಿನ ಸೀಟಿನಲ್ಲಿದ್ದ ಅಮ್ಮ, "ತಲುಪುತ್ತೇವೆ ಅಲ್ವಾ?" ಅಂತ ಎರಡು ಸಲ ಕೇಳಿದರು. 85ಕ್ಕೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಆ ಸಂಖ್ಯೆ ಇಳಿಯುವುದೇ ನಿಧಾನವಾಯಿತು. ಮನೆ ತಲುಪಿದಾಗ ಬ್ಯಾಟರಿ 31% ಉಳಿದಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. 110ರಲ್ಲಿ 100 ಕಿ.ಮೀ.ಗೆ 20 ಯೂನಿಟ್ ಹೋಗಿತ್ತು, 85ರಲ್ಲಿ ಹದಿನಾಲ್ಕೂವರೆ. ವೇಗ ಇಳಿಸದಿದ್ದರೂ ತಲುಪುತ್ತಿದ್ದೆವು, ಆದರೆ 13% ಉಳಿಸಿಕೊಂಡು.

ಇದಕ್ಕೆ ಕಾರಣ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. 80ರಿಂದ 110ಕ್ಕೆ ಹೋದರೇ ಆ ತಡೆ ಹೆಚ್ಚುಕಡಿಮೆ 1.9 ಪಟ್ಟು. ಎಸ್‌ಯುವಿಯ ಮುಖ ಅಗಲ, ಮೈ ಎತ್ತರ, ಹಾಗಾಗಿ ತಳ್ಳಬೇಕಾದ ಗಾಳಿಯೂ ಜಾಸ್ತಿ. ಚಾವಣಿಯ ಮೇಲೆ ಲಗೇಜ್ ಕಟ್ಟಿದರಂತೂ ಇನ್ನೂ ಜಾಸ್ತಿ.

ಪೆಟ್ರೋಲ್ ಗಾಡಿಯಲ್ಲಿ ಇದು ಇಷ್ಟು ಗೊತ್ತಾಗುತ್ತಿರಲಿಲ್ಲ ಅನ್ನುತ್ತೀರಿ. ನಿಜ. ಪೆಟ್ರೋಲ್ ಇಂಜಿನ್ ತನ್ನೊಳಗೆ ಸುಡುವ ಶಕ್ತಿಯ ಮುಕ್ಕಾಲು ಭಾಗದ ಹತ್ತಿರ ಬಿಸಿಯಾಗಿ ಹೊರಗೆ ಬಿಡುತ್ತದೆ. ಊರೊಳಗೆ ನಿಂತು ನಿಂತು ಹೋಗುವಾಗ ನಷ್ಟ ಇನ್ನೂ ಜಾಸ್ತಿ. ಹೆದ್ದಾರಿಯಲ್ಲಿ ಒಂದೇ ಸಮ ಓಡುವಾಗ ಇಂಜಿನ್ ಹದವಾಗಿ ಕೆಲಸ ಮಾಡುತ್ತದೆ. ಆ ಲಾಭದಲ್ಲಿ ಗಾಳಿಯ ನಷ್ಟ ಮುಚ್ಚಿಹೋಗುತ್ತದೆ. ಎಲೆಕ್ಟ್ರಿಕ್ ಮೋಟಾರ್ ಹಾಗಲ್ಲ. ಅದಕ್ಕೆ ಕೊಟ್ಟ ಶಕ್ತಿಯಲ್ಲಿ ಸುಮಾರು ಶೇ 90 ಚಕ್ರಕ್ಕೆ ಹೋಗುತ್ತದೆ. ವ್ಯರ್ಥವೇ ಕಡಿಮೆ ಇರುವುದರಿಂದ ಹೊರಗಿನ ಪ್ರತಿಯೊಂದು ಹೊರೆಯೂ ಎದ್ದು ಕಾಣುತ್ತದೆ. ನಿಮ್ಮ 60 ಯೂನಿಟ್ ಬ್ಯಾಟರಿಯಲ್ಲಿರುವ ಶಕ್ತಿ ಸುಮಾರು ಏಳು ಲೀಟರ್ ಪೆಟ್ರೋಲ್‌ನಲ್ಲಿ ಇರುವಷ್ಟೇ. ಅಷ್ಟರಲ್ಲಿ ಇಷ್ಟು ದೊಡ್ಡ ಗಾಡಿ 390 ಕಿ.ಮೀ. ಹೋಗುತ್ತದೆ ಅಂದರೆ ನನಗಂತೂ ಇವತ್ತಿಗೂ ಆಶ್ಚರ್ಯವೇ.

ಎಸಿ ಬಗ್ಗೆ ಜನ ಅಗತ್ಯಕ್ಕಿಂತ ಜಾಸ್ತಿ ಹೆದರುತ್ತಾರೆ. ಗಂಟೆಗೆ ಒಂದೂವರೆ ಯೂನಿಟ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. 80ರ ವೇಗದಲ್ಲಿ ಅದು 100 ಕಿ.ಮೀ.ಗೆ ಎರಡು ಯೂನಿಟ್ ಕೂಡ ಆಗುವುದಿಲ್ಲ. ಗಂಟೆಗೆ 20 ಕಿ.ಮೀ. ತೆವಳುವ ಟ್ರಾಫಿಕ್‌ನಲ್ಲಿ ಮಾತ್ರ ಏಳೂವರೆ ಆಗುತ್ತದೆ. ಕೊರೆಯುವ ಚಳಿಯಲ್ಲಿ ಹೀಟರ್ ಹೊರೆ ಇದಕ್ಕಿಂತ ದೊಡ್ಡದು, ಏಕೆಂದರೆ ಬಿಟ್ಟಿಯಾಗಿ ಸಿಗುವ ಇಂಜಿನ್ ಬಿಸಿ ಇಲ್ಲಿಲ್ಲ. ಗಾಡಿ ಚಾರ್ಜಿಗೆ ಹಾಕಿರುವಾಗಲೇ ಒಳಗೆ ತಂಪು ಅಥವಾ ಬೆಚ್ಚಗೆ ಮಾಡಿಕೊಂಡು ಹೊರಟರೆ ಆ ಮೊದಲ ಹೊರೆ ಬ್ಯಾಟರಿಯ ಮೇಲೆ ಬೀಳುವುದಿಲ್ಲ.

ಬೆಟ್ಟದ ರಸ್ತೆಯಲ್ಲಿ ಒಂದು ವಿಷಯ ನೆನಪಿಡಿ. ಎರಡು ಟನ್ ಗಾಡಿಯನ್ನು 1,000 ಮೀಟರ್ ಮೇಲಕ್ಕೆ ಏರಿಸಲು ಐದೂವರೆ ಯೂನಿಟ್ ಹೆಚ್ಚಿಗೆ ಬೇಕು. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಅದರಲ್ಲಿ ದೊಡ್ಡ ಪಾಲನ್ನು ವಾಪಸ್ ಕೊಡುತ್ತದೆ. ಆದರೆ ಬೆಟ್ಟ ಇಳಿದ ಮೇಲೆ ಪರದೆ ತೋರಿಸುವ ದೊಡ್ಡ ಸಂಖ್ಯೆಯನ್ನು ನಂಬಬೇಡಿ. ಮುಂದಿನ ರಸ್ತೆಯೂ ಇಳಿಜಾರೇ ಅಂತ ಗಾಡಿ ಅಂದುಕೊಂಡಿರುತ್ತದೆ.

ದೂರದ ಪ್ರಯಾಣಕ್ಕೆ ನಿಜವಾಗಿ ಬೇಕಾದ ಲೆಕ್ಕ ಬೇರೆಯೇ ಇದೆ. ಇದನ್ನು ಗಾಡಿ ತಗೊಳ್ಳುವಾಗಲೇ ಹೇಳಬೇಕು, ಯಾರೂ ಹೇಳುವುದಿಲ್ಲ. ದಾರಿಯಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಿದಾಗ 80% ದಾಟಿದ ಮೇಲೆ ಚಾರ್ಜ್ ತುಂಬಾ ನಿಧಾನವಾಗುತ್ತದೆ. ಹಾಗಾಗಿ 80ಕ್ಕೆ ತೆಗೆದು ಹೊರಡುತ್ತೇವೆ. 20%ಗಿಂತ ಕೆಳಗೆ ಇಳಿಸಲು ಮನಸ್ಸು ಒಪ್ಪುವುದಿಲ್ಲ. ಕೈಗೆ ಸಿಗುವುದು 60%, ಅಂದರೆ 36 ಯೂನಿಟ್. 110ರ ವೇಗದಲ್ಲಿ ಅದು 180 ಕಿ.ಮೀ. ಮನೆಯಿಂದ 100% ತುಂಬಿಸಿಕೊಂಡು ಹೊರಟ ಮೊದಲ ಹಂತ ಮಾತ್ರ 240. ಈ ಎರಡು ಸಂಖ್ಯೆ ಇಟ್ಟುಕೊಂಡು ನಿಲ್ಲುವ ಜಾಗ ಗೊತ್ತು ಮಾಡಿಕೊಳ್ಳಿ. ಹಾಗೆ ಹೊರಟ ಮೇಲೆ ನಮ್ಮ ಮನೆಯಲ್ಲಿ ಯಾರೂ "ತಲುಪುತ್ತೇವೆ ಅಲ್ವಾ?" ಅಂತ ಕೇಳಿಲ್ಲ.

ಇನ್ನು ಬ್ಯಾಟರಿಯ ಪರೀಕ್ಷೆ. 100% ಚಾರ್ಜ್ ಮಾಡಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಆದಷ್ಟು ಒಂದೇ ದಿನದಲ್ಲಿ 20%ಗೆ ಬರುವವರೆಗೆ ಓಡಿಸಿ. ನಿಂತಾಗ ಖರ್ಚಾಗುವ ಕರೆಂಟನ್ನು ಕೆಲವು ಗಾಡಿಗಳು ಟ್ರಿಪ್‌ಗೆ ಸೇರಿಸುವುದಿಲ್ಲ, ಅದಕ್ಕೇ ಒಂದೇ ದಿನ ಅಂದೆ. ಎಷ್ಟು ಯೂನಿಟ್ ಖರ್ಚಾಯಿತು ನೋಡಿ, 0.8ರಿಂದ ಭಾಗಿಸಿ. 48 ಖರ್ಚಾಗಿದ್ದರೆ ಬ್ಯಾಟರಿ 60, ಅಂದರೆ ಸರಿ ಇದೆ. 57, 58 ಬಂದರೂ ಚಿಂತೆ ಇಲ್ಲ. 60 ಅನ್ನುವುದು ಬ್ಯಾಟರಿಯ ಒಟ್ಟು ಲೆಕ್ಕವಾಗಿದ್ದರೆ, ಬಳಕೆಗೆ ಬಿಡುವುದು ಸ್ವಲ್ಪ ಕಡಿಮೆಯೇ ಇರುತ್ತದೆ.

ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಈ ಪರೀಕ್ಷೆಗೆ ಮೊದಲು ಎರಡು ಮೂರು ಸಲ 100%ವರೆಗೆ ಚಾರ್ಜ್ ಮಾಡಿ. ಚಾರ್ಜ್ ಜಾಸ್ತಿ ಇರಲಿ, ಕಡಿಮೆ ಇರಲಿ, ಅದರ ವೋಲ್ಟೇಜ್ ಬಹುತೇಕ ಒಂದೇ ಮಟ್ಟದಲ್ಲಿರುತ್ತದೆ, ಅದನ್ನು ನೋಡಿ ಎಷ್ಟು ಉಳಿದಿದೆ ಅಂತ ಹೇಳುವುದು ಕಷ್ಟ. ಹಾಗಾಗಿ ಆಗಾಗ ಪೂರ್ತಿ ತುಂಬಿಸದಿದ್ದರೆ ಗಾಡಿಗೇ ಸರಿಯಾದ ಶೇಕಡಾ ಲೆಕ್ಕ ಸಿಗುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪರದೆಯ ಫೋಟೋ ತೆಗೆದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ. ಬ್ಯಾಟರಿಯ ಆರೋಗ್ಯದ ವರದಿಯನ್ನು ಬರಹದಲ್ಲೇ ಕೇಳಿ. ಬಹಳಷ್ಟು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ನಿಮ್ಮ ವಾರಂಟಿ ಪುಸ್ತಕದಲ್ಲಿ ಎಷ್ಟು ಶೇಕಡಾಕ್ಕಿಂತ ಕೆಳಗೆ ಇಳಿದರೆ ಬದಲಿಸುತ್ತಾರೆ ಅಂತ ಬರೆದಿರುತ್ತದೆ. ಹೋಗುವ ಮೊದಲು ಆ ಪುಟ ಓದಿಕೊಂಡು ಹೋಗಿ.