ವೂವ್ರೇ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ

ಹೋಟೆಲಿನಲ್ಲಿ ವೈನ್ ಬಡಿಸುವ ನಮ್ಮಂಥವರಿಗೆ ವೂವ್ರೇ ಎಂಬ ಫ್ರೆಂಚ್ ಬಿಳಿ ವೈನ್ ಸ್ವಲ್ಪ ತಲೆನೋವು. 'ಇದು ಸಿಹಿನಾ, ಡ್ರೈನಾ?' ಅಂತ ಗಿರಾಕಿ ಕೇಳಿದರೆ ಹೆಸರು ನೋಡಿ ಉತ್ತರ ಕೊಡುವ ಹಾಗಿಲ್ಲ. ಊರು ಒಂದೇ, ದ್ರಾಕ್ಷಿ ಒಂದೇ, ಮಾಡಿದವರೂ ಒಬ್ಬರೇ ಇರಬಹುದು. ಆದರೂ ಒಂದು ಬಾಟಲಿ ಪೂರ್ತಿ ಡ್ರೈ (ಸಿಹಿಯೇ ಇಲ್ಲ), ಇನ್ನೊಂದು ಬಾಯಿತುಂಬ ಸಿಹಿ, ಮತ್ತೊಂದರಲ್ಲಿ ಗುಳ್ಳೆ.

ಫ್ರಾನ್ಸಿನ ತೂರ್ ನಗರದ ಪೂರ್ವಕ್ಕೆ, ಲ್ವಾರ್ ನದಿಯ ಉತ್ತರ ದಂಡೆಯಲ್ಲಿ ವೂವ್ರೇ ಎಂಬ ಈ ಊರಿದೆ. ಹೆಸರಿಗೆ 1936ರಿಂದ ಕಾನೂನಿನ ರಕ್ಷಣೆ ಇದೆ. ನೆಲದಡಿ ಇರುವುದು ತುಫೋ ಎಂಬ ಮೆದು ಸುಣ್ಣದ ಕಲ್ಲು. ಕಟ್ಟಡಗಳಿಗಾಗಿ ಆ ಕಲ್ಲು ಕಡಿದು ಸಾಗಿಸಿದ ಮೇಲೆ ಉಳಿದ ಗುಹೆಗಳಲ್ಲೇ ಇಂದು ವೈನ್ ಇಡುತ್ತಾರೆ. ಕರೆಂಟ್ ಬಿಲ್ ಇಲ್ಲದ ಎ.ಸಿ. ಕೋಣೆಗಳು!

ದ್ರಾಕ್ಷಿಯ ಹೆಸರು ಶೆನಿನ್ ಬ್ಲಾಂ. ಇದು ಬೇಗ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ಹಾಗಾಗಿ ಏಪ್ರಿಲ್‌ನ ಹಿಮಕ್ಕೂ ಸಿಕ್ಕಿಬೀಳುತ್ತದೆ, ಅಕ್ಟೋಬರ್‌ನ ಮಳೆಗೂ ಸಿಕ್ಕಿಬೀಳುತ್ತದೆ. ಒಂದೇ ಗೊಂಚಲಿನಲ್ಲಿ ಕೆಲವು ಕಳಿತಿರುತ್ತವೆ, ಕೆಲವು ಇನ್ನೂ ಕಾಯಿ. ಸಿಹಿ ವೈನ್ ಮಾಡುವವರು ಅದಕ್ಕೇ ಒಂದೇ ಸಾಲಿಗೆ ಮತ್ತೆ ಮತ್ತೆ ಹೋಗಿ, ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯುತ್ತಾರೆ.

ಆದರೆ ಇದರ ನಿಜವಾದ ಗುಣ ಹುಳಿ. ಎಷ್ಟೇ ಹಣ್ಣಾದರೂ ಆ ಹುಳಿ ಪೂರ್ತಿ ಇಳಿಯುವುದಿಲ್ಲ. ಚಳಿ ಜಾಸ್ತಿ ಇದ್ದ ವರ್ಷ ಹಣ್ಣಿನಲ್ಲಿ ಸಕ್ಕರೆ ಕಡಿಮೆ. ಆಗ ಹೆಚ್ಚಿನ ಪಾಲು ಗುಳ್ಳೆಯ ವೈನಿಗೆ ಹೋಗುತ್ತದೆ. ಬಾಟಲಿಯೊಳಗೇ ಇನ್ನೊಮ್ಮೆ ಹುದುಗಿಸಿ ಮಾಡುವ ಈ ಬಗೆಯೇ ವೂವ್ರೇಯಲ್ಲಿ ಅರ್ಧಕ್ಕಿಂತ ಜಾಸ್ತಿ. ಹದವಾದ ವರ್ಷದಲ್ಲಿ ಡ್ರೈ ಮತ್ತು ಅರೆ ಸಿಹಿ. ಕೊಯ್ಲಿನ ಹೊತ್ತಿಗೆ ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು ಸಿಕ್ಕಿತೋ, ಹಣ್ಣಿನ ಮೇಲೆ ಒಂದು ಬಗೆಯ ಬೂಷ್ಟು ಕೂರುತ್ತದೆ. ಅದು ಸಿಪ್ಪೆಯನ್ನು ತೂತು ಮಾಡುತ್ತದೆ, ಒಳಗಿನ ನೀರು ಆವಿಯಾಗಿ ಸಕ್ಕರೆ ಗಟ್ಟಿಯಾಗುತ್ತದೆ. ಯೀಸ್ಟ್ ಅಷ್ಟನ್ನೂ ತಿಂದು ಮುಗಿಸಲಾರದು, ಸಿಹಿ ಉಳಿಯುತ್ತದೆ. 1947, 1989, 1990ರ ಸಿಹಿ ವೂವ್ರೇಗಳು ಹೆಸರುವಾಸಿ. ದಶಕಗಳ ಕಾಲ ಅವು ಕೆಡದಿರುವುದಕ್ಕೂ ಆ ಹುಳಿಯ ಬಲ ದೊಡ್ಡದು.

ಲೇಬಲ್ ಮೇಲೆ 'ಸೆಕ್' ಎಂದಿದ್ದರೆ ಡ್ರೈ, 'ಡೆಮಿ-ಸೆಕ್' ಅರೆ ಸಿಹಿ, 'ಮ್ವಾಲೊ' ಸಿಹಿ. ಕೆಲವರು ಏನೂ ಬರೆಯುವುದಿಲ್ಲ. ಬರೆಯಲೇಬೇಕು ಅನ್ನುವುದು ನನ್ನ ವಾದ. ದುಡ್ಡು ಕೊಡುವವರು ಊಹೆ ಮಾಡುತ್ತಾ ಕೂರಬೇಕಾ? ಅಂಗಡಿಯವರನ್ನು ಕೇಳಿಯೇ ಕೊಳ್ಳಿ.

'ಸಿಹಿ ವೈನ್ ನಮಗೆ ಬೇಡ' ಅಂತ ಡೆಮಿ-ಸೆಕ್ ಅನ್ನು ಸುಮ್ನೆ ತಳ್ಳಿಹಾಕುವವರು ಬಹಳ. ನನ್ನ ಪ್ರಕಾರ ಊಟಕ್ಕೆ ಅದೇ ಸರಿ. ಲೀಟರಿಗೆ 15 ಗ್ರಾಂ ಸಕ್ಕರೆ ಅಂದರೆ ಗಾಬರಿಯಾಗುತ್ತದೆ, ಆದರೆ ಹುಳಿ ಅಷ್ಟೇ ಜೋರಾಗಿದ್ದರೆ ನಾಲಿಗೆಗೆ ಸಿಹಿ ಅಂಟುವುದಿಲ್ಲ. ಅಲ್ಲಿನವರು ಬೆಣ್ಣೆ ಸಾಸಿನಲ್ಲಿ ಮಾಡಿದ ನದಿ ಮೀನಿನ ಜೊತೆ ಕುಡಿಯುತ್ತಾರೆ. ನಾನು ಅನಾನಸ್ ಗೊಜ್ಜಿನ ಜೊತೆಗೂ ಕೊಟ್ಟಿದ್ದೇನೆ, ಚೆನ್ನಾಗಿ ಹೊಂದಿತು. ಖಾರ ತೀರಾ ಜಾಸ್ತಿಯಿದ್ದರೆ ಮಾತ್ರ ವೈನಿನ ರುಚಿ ಸಿಗುವುದಿಲ್ಲ.

ಇಲ್ಲಿ ಸಿಗುವ ನಾಸಿಕ್‌ನ ಶೆನಿನ್ ಇದೇ ದ್ರಾಕ್ಷಿಯದ್ದು. ಆದರೆ ಅಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್ ಒಳಗೆ, ಬಿಸಿಲೂ ಹೆಚ್ಚು. ಹಣ್ಣಿನ ಪರಿಮಳ ಎದ್ದು ಕಾಣುತ್ತದೆ, ಹುಳಿ ಮೃದು. ಅದನ್ನು ವರ್ಷಗಟ್ಟಲೆ ಎತ್ತಿಡಬೇಡಿ, ಹೊಸದಿದ್ದಾಗಲೇ ಕುಡಿಯಿರಿ.

ವೂವ್ರೇಯನ್ನು ಫ್ರಿಜ್‌ನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು ಸುರಿಯಿರಿ. ತೀರಾ ತಣ್ಣಗಿದ್ದರೆ ಹುಳಿಯಷ್ಟೇ ತಿಳಿಯುತ್ತದೆ. ಡೆಮಿ-ಸೆಕ್ ಮಿಕ್ಕರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಮೂರ್ನಾಲ್ಕು ದಿನ ಏನೂ ಆಗುವುದಿಲ್ಲ. ಗುಳ್ಳೆಯದ್ದು ಮಾತ್ರ ಅವತ್ತೇ ಮುಗಿಸಿ.