ಭತ್ತಕ್ಕೆ ಯೂರಿಯಾ ಜಾಸ್ತಿ, ಜೋಳಕ್ಕೆ ಕಮ್ಮಿ: ಯಾಕೆ?

ಪ್ರಶ್ನೆ: ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಕಾಲುವೆ ಕೆಳಗೆ ಎರಡನೇ ಬೆಳೆ ಭತ್ತ, ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ. ಭತ್ತಕ್ಕೆ ಚೀಲಗಟ್ಟಲೆ ಯೂರಿಯಾ ಬೇಕು, ಜೋಳ ಅಷ್ಟು ಕೇಳುವುದಿಲ್ಲ. ಇದು ಮಣ್ಣಿನ ಗುಣವೋ, ಬೆಳೆಯ ಗುಣವೋ?

ಎರಡೂ ಹೌದು. ಮೊದಲು ಗದ್ದೆಯ ಲೆಕ್ಕ. 45 ಕಿಲೋ ಚೀಲದಲ್ಲಿ ಇರುವ ಸಾರಜನಕ ಸುಮಾರು 21 ಕಿಲೋ. ನೀರು ನಿಂತ ಗದ್ದೆಯಲ್ಲಿ ಅದರ ಅರ್ಧಕ್ಕಿಂತ ಜಾಸ್ತಿ ಗಾಳಿಗೆ ಹಾರಿ, ನೀರಲ್ಲಿ ಹರಿದು ಹೋಗುವುದು ಮಾಮೂಲು. ಭತ್ತದ ಇಳುವರಿಯೂ ದೊಡ್ಡದು, ಅದಕ್ಕೆ ತಕ್ಕ ಗೊಬ್ಬರ ಬೇಕೇ ಬೇಕು. ಆದರೆ ಎಲೆಯೊಳಗೆ ನಡೆಯುವುದನ್ನು ಯಾರೂ ರೈತರಿಗೆ ಬಿಡಿಸಿ ಹೇಳುವುದಿಲ್ಲ. ಅದನ್ನೇ ಹೇಳುತ್ತೇನೆ.

ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವದ ಹೆಸರು ರುಬಿಸ್ಕೊ. ಭತ್ತದ ಎಲೆಯ ಸಾರಜನಕದಲ್ಲಿ ಸುಮಾರು ಕಾಲು ಭಾಗ ಇದೊಂದರಲ್ಲೇ ಇರುತ್ತದೆ. ಇಷ್ಟಿದ್ದೂ ಅದು ಎಡವುತ್ತದೆ. 25 ಡಿಗ್ರಿಯಲ್ಲೇ ನಾಲ್ಕೈದು ಸಲಕ್ಕೊಮ್ಮೆ ಆಮ್ಲಜನಕ ಹಿಡಿದುಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲು 40 ದಾಟಿದಾಗ ಇನ್ನೂ ಜಾಸ್ತಿ. ಆ ತಪ್ಪನ್ನು ತಿದ್ದಲು ಗಿಡ ಮಾಡುವ ಕೆಲಸವೇ ಫೋಟೋರೆಸ್ಪಿರೇಷನ್, ಅಂದರೆ ಬೆಳಕಿನ ಉಸಿರಾಟ. ಅದರಲ್ಲಿ ಹಿಡಿದ ಇಂಗಾಲ ಒಂದಿಷ್ಟು ಕೈಬಿಟ್ಟು ಹೋಗುತ್ತದೆ, ಎಲೆಯ ಸಾರಜನಕ ಅಮೋನಿಯಾ ಆಗಿ ಹೊರಬೀಳುತ್ತದೆ. ಸ್ವಲ್ಪ ಅಲ್ಲ, ಬೇರು ಹೊಸದಾಗಿ ತರುವ ಸಾರಜನಕದ ಹತ್ತು ಪಟ್ಟಿನ ತನಕ!

ಅದನ್ನು ಕೂಡಲೇ ಹಿಡಿದು ಮತ್ತೆ ಬಳಕೆಗೆ ತರುವುದು ಗ್ಲುಟಮೈನ್ ಸಿಂಥಟೇಸ್ ಎಂಬ ಕಿಣ್ವ. ಭತ್ತದಲ್ಲಿ ಇದಕ್ಕೆ ನಾಲ್ಕು ಜೀನ್ ಇವೆ. ಮೂರರ ಕಿಣ್ವ ಕೋಶರಸದಲ್ಲಿ, ಒಂದರದ್ದು ಎಲೆಯ ಹಸಿರುಕಣದಲ್ಲಿ. ಬೆಳಕಿನ ಉಸಿರಾಟದ ಅಮೋನಿಯಾ ಹಿಡಿಯುವುದು ಈ ಕೊನೆಯದು. ಇದೊಂದು ಕೆಟ್ಟರೆ ಏನಾಗುತ್ತದೆ? 1987ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನ ವಿಜ್ಞಾನಿಗಳು ಹಸಿರುಕಣದ ಈ ಕಿಣ್ವವೇ ಇಲ್ಲದ ಬಾರ್ಲಿ ಗಿಡಗಳನ್ನು ವರದಿ ಮಾಡಿದರು. ಇಂಗಾಲದ ಡೈಆಕ್ಸೈಡ್ ಹೆಚ್ಚಿಗೆ ತುಂಬಿದ ಗಾಳಿಯಲ್ಲಿ ಅವು ಚೆನ್ನಾಗಿಯೇ ಬೆಳೆದವು. ಅಲ್ಲಿ ರುಬಿಸ್ಕೊ ಎಡವುವುದೇ ಕಮ್ಮಿ. ನಮ್ಮ ನಿಮ್ಮ ಮಾಮೂಲಿ ಗಾಳಿಗೆ ತಂದಾಗ ಎಲೆಯಲ್ಲಿ ಅಮೋನಿಯಾ ಕೂಡಿಕೊಂಡಿತು, ಗಿಡ ಸೊರಗಿತು. ಉಳಿದ ಜೀನ್‌ಗಳು ನೆರವಿಗೆ ಬರಲಿಲ್ಲ, ಯಾಕಂದರೆ ಅವುಗಳ ಕೆಲಸ ಹೆಚ್ಚಾಗಿ ಬೇರಿನಲ್ಲಿ, ಎಲೆಯ ನರಗಳಲ್ಲಿ. ಬೇರೆ ಕಡೆ ಇರುವವರು ಇಲ್ಲಿ ಹೇಗೆ ಆಗಿಬರುತ್ತಾರೆ ಹೇಳಿ?

ಜೋಳದ ಎಲೆ ಬೇರೆ ದಾರಿ ಹಿಡಿದಿದೆ. ನರದ ಸುತ್ತಲಿನ ಕೋಶಗಳಿಗೆ ಇಂಗಾಲದ ಡೈಆಕ್ಸೈಡನ್ನು ಒತ್ತಿ ತುಂಬಿ, ರುಬಿಸ್ಕೊವನ್ನು ಅಲ್ಲೇ ಕೂರಿಸಿದೆ. ಆಮ್ಲಜನಕಕ್ಕೆ ಅಲ್ಲಿ ಎಡೆಯೇ ಕಮ್ಮಿ. ಎಡವುವುದು ಕಮ್ಮಿ ಅಂದಮೇಲೆ ರುಬಿಸ್ಕೊ ಕಮ್ಮಿ ಇದ್ದರೂ ಸಾಕು, ಅದರಲ್ಲಿ ಕಟ್ಟಿಹಾಕುವ ಸಾರಜನಕವೂ ಕಮ್ಮಿ. ಕಬ್ಬು, ಮೆಕ್ಕೆಜೋಳ, ಸಜ್ಜೆ ಕೂಡ ಇದೇ ಗುಂಪು.

ಭತ್ತದ ಜೀನ್‌ಗಳನ್ನು ಜೋಳದ ದಾರಿಗೆ ತರುವ ಪ್ರಯತ್ನ ನಡೆದಿದೆ. ಇನ್ನೊಂದು ಬಗೆಯ ಪ್ರಯತ್ನವೂ ಇದೆ: 2019ರಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿ ತಂಬಾಕಿಗೆ ಹೊಸ ಜೀನ್ ಸೇರಿಸಿ, ಬೆಳಕಿನ ಉಸಿರಾಟಕ್ಕೆ ಅಡ್ಡದಾರಿ ಮಾಡಿಕೊಟ್ಟು, ಹೊಲದಲ್ಲಿ 40 ಶೇಕಡಾಕ್ಕೂ ಹೆಚ್ಚು ಬೆಳವಣಿಗೆ ಕಂಡಿದ್ದಾರೆ. ನಮ್ಮ ಗದ್ದೆಗೆ ಅಂಥ ಭತ್ತ ಇನ್ನೂ ಬಂದಿಲ್ಲ.

ಸದ್ಯಕ್ಕೆ ಇಷ್ಟು ತಿಳಿದಿರಲಿ: ಬಿಸಿಲಿಗೆ ಭತ್ತ ಕುಂದಿದೆ ಅಂತ ಇನ್ನೊಂದು ಚೀಲ ಎರಚಿದರೆ ರುಬಿಸ್ಕೊ ಎಡವುವುದು ನಿಲ್ಲುವುದಿಲ್ಲ. ನಾಟಿ ಹೊತ್ತಿಗೆ, ತೆಂಡೆ ಒಡೆಯುವಾಗ, ತೆನೆ ಕಟ್ಟುವಾಗ ಅಂತ ಕಂತಿನಲ್ಲಿ ಕೊಡಿ. ಎಲೆ ಬಣ್ಣದ ಪಟ್ಟಿ ಸಿಕ್ಕರೆ ಗರಿಯ ಪಕ್ಕ ಹಿಡಿದು ನೋಡಿ, ಹಸಿರು ತಿಳಿಯಾಗಿದ್ದರೆ ಮಾತ್ರ ಮುಂದಿನ ಕಂತು ಎರಚಿ.